ಸುಲ್ತಾನ್ ಬತ್ತೇರಿಯ ತೂತಿನಿಂದ ಹೊರಗೆ ನೋಡಿ: ಹಳೆ ಬಂಕರ್ ನೋಡುವ ಬಗೆ

ಮಂಗಳೂರಿನಲ್ಲಿ ಹೊಳೆಯ ದಡದಲ್ಲಿರುವ ಹಳೆ ಕಾವಲು ಕಟ್ಟಡ ಸುಲ್ತಾನ್ ಬತ್ತೇರಿಗೆ ಬಂದವರಲ್ಲಿ ಹೆಚ್ಚಿನವರು ಹತ್ತು ನಿಮಿಷ ಇರುತ್ತಾರೆ. ಮೆಟ್ಟಿಲು ಹತ್ತುತ್ತಾರೆ, ಹೊಳೆಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿದು ಫೆರಿ ದೋಣಿ ಹತ್ತಿ ತಣ್ಣೀರುಬಾವಿ ಬೀಚಿಗೆ ಹೋಗುತ್ತಾರೆ. "ಎಂತ ಉಂಟು ಅಲ್ಲಿ, ಬರೀ ಕಲ್ಲು" ಅಂತ ನನ್ನ ಅಕ್ಕನ ಮಗನೇ ಒಮ್ಮೆ ಹೇಳಿದ. ಅವನದ್ದು ತಪ್ಪಲ್ಲ. ಇಂಥ ಜಾಗವನ್ನು ಹೇಗೆ ನೋಡಬೇಕು ಅಂತ ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಆಮೇಲೆ ಅವನನ್ನು ಇನ್ನೊಮ್ಮೆ ಕರೆದುಕೊಂಡು ಹೋದೆ, ಒಂದೂವರೆ ಗಂಟೆ ಅಲ್ಲೇ ಇದ್ದೆವು. ಆ ಒಂದೂವರೆ ಗಂಟೆ ಏನು ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬಂಕರ್ ಅಂದ ಕೂಡಲೇ ನಮಗೆ ನೆನಪಾಗುವುದು ಕಾಂಕ್ರೀಟ್, ಹಿಟ್ಲರನ ಕಾಲ, ಕಾರ್ಗಿಲ್. ಆದರೆ ಕಾಂಕ್ರೀಟೇ ಇರಬೇಕು ಅಂತ ಇಲ್ಲ. ಹೊರಗಿನಿಂದ ಬೀಳುವ ಗುಂಡನ್ನು ತಡೆಯಬೇಕು, ಒಳಗೆ ಜನವೋ ಕೋವಿಮದ್ದೋ ಉಳಿಯಬೇಕು, ಒಳಗಿದ್ದವರು ಹೊರಗೆ ನೋಡುವಂತಿರಬೇಕು. ಈ ಮೂರೂ ಇದ್ದರೆ ಅದರ ಕೆಲಸ ಬಂಕರಿನದ್ದೇ. ಬೋಳೂರಿನ ಈ ಕಪ್ಪು ಕಲ್ಲಿನ ಕಟ್ಟಡವನ್ನು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗಬಾರದು ಅಂತ ಕಾವಲು, ಕೆಳಗೆ ಮದ್ದು ಇಡಲು ಜಾಗ.

ಹೋಗುವುದಕ್ಕೆ ಕಷ್ಟ ಇಲ್ಲ. ಪೇಟೆಯಿಂದ ಸುಮಾರು ನಾಲ್ಕು ಕಿಲೋಮೀಟರ್, ಸಿಟಿ ಬಸ್ಸೋ ರಿಕ್ಷಾವೋ ಸಾಕು. ಬೆಳಿಗ್ಗೆ ಹೋಗಿ. ಸೂರ್ಯ ಬೆನ್ನ ಹಿಂದೆ ಇರುತ್ತದೆ, ಹೊಳೆ ಚೆನ್ನಾಗಿ ಕಾಣುತ್ತದೆ, ಸೆಕೆಯೂ ಕಡಿಮೆ. ಸಂಜೆ ಹೋದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಪಾಚಿ ಕಟ್ಟುತ್ತದೆ, ನಾನೊಮ್ಮೆ ಜುಲೈಯಲ್ಲಿ ಜಾರಿ ಕೈ ಉಳುಕಿಸಿಕೊಂಡೆ, ಮೂರು ವಾರ ಬ್ಯಾಂಡೇಜ್ ಹಾಕಿಕೊಂಡೇ ಓಡಾಡಿದೆ. ಹಾಗಾಗಿ ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ಒಂದು ಟಾರ್ಚು, ಒಂದು ಬಾಟಲಿ ನೀರು, ಇದ್ದರೆ ಒಂದು ಅಳತೆ ಟೇಪು ತೆಗೆದುಕೊಳ್ಳಿ. ಟೇಪು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೇಲೆ ಹತ್ತಿದ ಕೂಡಲೇ ಗೋಡೆ ನೋಡುತ್ತಾ ನಿಲ್ಲಬೇಡಿ. ತೂತಿನ ಹತ್ತಿರ ಹೋಗಿ, ಬಗ್ಗಿ ಹೊರಗೆ ನೋಡಿ. ಇದೇ ಮೊದಲ ಕೆಲಸ, ಇಡೀ ಭೇಟಿಯಲ್ಲಿ ಮುಖ್ಯವಾದದ್ದೂ ಇದೇ. ಯಾವ ಕೋಟೆ, ಯಾವ ಬಂಕರ್ ಆದರೂ ಅದನ್ನು ಕಟ್ಟಿದವನ ಭಯ ಅದರ ತೂತಿನಲ್ಲಿ ಇರುತ್ತದೆ. ಬತ್ತೇರಿಯಲ್ಲಿ ಸುತ್ತಲೂ ತೋಪು ಕೂರಿಸಲು ಜಾಗ ಬಿಟ್ಟಿದ್ದಾರೆ. ಒಂದೊಂದಕ್ಕೂ ಹೋಗಿ ಏನು ಕಾಣುತ್ತದೆ ಅಂತ ಮಕ್ಕಳ ಹತ್ತಿರ ಹೇಳಿಸಿ. ಪಶ್ಚಿಮಕ್ಕೆ ಹೊಳೆ, ಆಚೆ ತಣ್ಣೀರುಬಾವಿಯ ಮರಳುಪಟ್ಟಿ, ಅದರಾಚೆ ಸಮುದ್ರ. ದಕ್ಷಿಣಕ್ಕೆ ತಿರುಗಿದರೆ ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನ ಕಡೆಗೆ ಹೋಗುತ್ತದೆ, ನೇತ್ರಾವತಿಯೂ ಅಲ್ಲೇ ಬಂದು ಸೇರುವುದು. ಹೊರಗಿನಿಂದ ಬರುವ ಹಡಗು ಆ ಬಾಗಿಲಿನಿಂದಲೇ ಒಳಗೆ ಬರಬೇಕು, ಬಂದ ಮೇಲೆ ಹೊಳೆಯಲ್ಲಿ ಬೇಗ ತಿರುಗಿ ಓಡುವುದು ಸುಲಭ ಅಲ್ಲ. ಇದನ್ನು ಪುಸ್ತಕದಲ್ಲಿ ಓದಿದರೆ ಮಕ್ಕಳಿಗೆ ಹತ್ತುವುದಿಲ್ಲ, ತೂತಿಗೆ ಕಣ್ಣಿಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಬತ್ತೇರಿ ಕಟ್ಟಿಸಿದ್ದು 1784ರಲ್ಲೇ ಯಾಕೆ ಅಂತ ಅಲ್ಲಿ ನಿಂತೇ ಹೇಳಿ. 1783ರಲ್ಲಿ ಇಂಗ್ಲಿಷರು ಮಂಗಳೂರು ಕೋಟೆ ಹಿಡಿದುಕೊಂಡಿದ್ದರು. ಮೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಒಳಗಿದ್ದ ಕ್ಯಾಂಪ್‌ಬೆಲ್ ಅನ್ನುವ ಅಧಿಕಾರಿ 1784ರ ಜನವರಿವರೆಗೂ ಬಿಟ್ಟುಕೊಡಲಿಲ್ಲ. ಕೊನೆಗೆ ಅವರನ್ನು ಸೋಲಿಸಿದ್ದು ತೋಪಿಗಿಂತ ಜಾಸ್ತಿ ಹಸಿವು, ಕಾಯಿಲೆ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು, ಎರಡನೇ ಮೈಸೂರು ಯುದ್ಧ ಮುಗಿಯಿತು. ಅದೇ ವರ್ಷ ಬತ್ತೇರಿ ಎದ್ದಿತು. ಸಮುದ್ರದಿಂದ ಬಂದವರು ಊರು ಹಿಡಿದದ್ದನ್ನು ಕಣ್ಣಾರೆ ಕಂಡವನು ಹೊಳೆಯ ದಡದಲ್ಲಿ ಏನು ಕಟ್ಟುತ್ತಾನೋ ಅದನ್ನೇ ಕಟ್ಟಿಸಿದ್ದಾನೆ ಅಲ್ವಾ?

ಈಗ ಟೇಪು ತೆಗೆಯಿರಿ. ಕೋವಿಯ ಕಿಂಡಿ ಇದ್ದಲ್ಲಿ ಒಳಗಿನ ಅಗಲ ಅಳೆಯಿರಿ, ಹೊರಗಿನ ಅಗಲ ಅಳೆಯಿರಿ. ಹಳೆ ಕಲ್ಲಿನ ಕೋಟೆಗಳಲ್ಲಿ ಸಾಮಾನ್ಯವಾಗಿ ಕಿಂಡಿ ಒಳಗೆ ಅಗಲ, ಹೊರಗೆ ಕಿರಿದು. ಒಳಗಿದ್ದವನು ಕೋವಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದು, ಹೊರಗಿದ್ದವನಿಗೆ ಗುರಿ ಇಡಲು ಒಂದು ಗೀರು ಮಾತ್ರ ಸಿಗುತ್ತದೆ. 20ನೇ ಶತಮಾನದ ಎಷ್ಟೋ ಕಾಂಕ್ರೀಟ್ ಬಂಕರುಗಳಲ್ಲಿ ಇದು ತಿರುಗಿಬಿಟ್ಟಿದೆ. ಹೊರಗಿನ ಬಾಯಿ ಅಗಲ, ಅದರ ಬದಿಗಳಿಗೆ ಮೆಟ್ಟಿಲಿನ ಹಾಗೆ ಮಡಿಕೆ. ಮಶಿನ್ ಗನ್ನಿನ ಗುಂಡು ಓರೆ ಗೋಡೆಗೆ ತಾಗಿದರೆ ಜಾರಿ ಸೀದಾ ಒಳಗೇ ಬರುತ್ತದೆ, ಮೆಟ್ಟಿಲಿಗೆ ತಾಗಿದರೆ ಅಲ್ಲೇ ನಿಲ್ಲುತ್ತದೆ. ಒಂದು ತೂತಿನ ಆಕಾರ ನೋಡಿದರೆ ಎದುರಿಗಿದ್ದವನ ಕೈಯಲ್ಲಿ ಯಾವ ಆಯುಧ ಇತ್ತು ಅಂತ ಊಹಿಸಬಹುದು. ನನಗೆ ಇದು ಗೊತ್ತಾದ ದಿನ ನಿಜಕ್ಕೂ ರೋಮಾಂಚನ ಆಗಿತ್ತು.

ಆಮೇಲೆ ಕೆಳಗಿನ ಮದ್ದಿನ ಜಾಗ. ಬಾಗಿಲು ಹಾಕಿದ್ದರೆ ಒತ್ತಾಯ ಮಾಡಬೇಡಿ, ಹೊರಗಿನಿಂದಲೇ ಟಾರ್ಚು ಬಿಟ್ಟು ನೋಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕೋವಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು. ಅದಕ್ಕೆ ತೇವ ತಾಗಿದರೆ ಕೆಲಸ ಕೆಟ್ಟ ಹಾಗೆ. ನಮ್ಮ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ, ಆಷಾಢದಲ್ಲಿ ಹಪ್ಪಳದ ಡಬ್ಬಿಯನ್ನೇ ಕಾಪಾಡುವುದು ಕಷ್ಟ. ಅಂಥ ಊರಲ್ಲಿ, ಹೊಳೆಯ ದಡದಲ್ಲಿ, ಮದ್ದು ಒಣಗಿದ ಹಾಗೆ ಇಡಬೇಕು, ಕಿಡಿಯೂ ತಾಗಬಾರದು. ಇಂಥ ಮದ್ದಿನ ಮನೆಗಳಲ್ಲಿ ಕಬ್ಬಿಣದ ಲಾಳ ಹೊಡೆದ ಬೂಟು ಹಾಕಿಕೊಂಡು ಒಳಗೆ ಬರುವಂತಿರಲಿಲ್ಲ. ಯುರೋಪಿನ ದೊಡ್ಡ ಕೋಟೆಗಳಲ್ಲಿ ದೀಪವನ್ನು ಬೇರೆ ಗೂಡಿನಲ್ಲಿ ಗಾಜಿನ ಹಿಂದೆ ಇಡುತ್ತಿದ್ದರು. ಗೋಡೆ ಮುಟ್ಟಿ ನೋಡಿ, ತಣ್ಣಗಿದೆಯಾ, ಬೆವರಿದೆಯಾ, ಗಾಳಿ ಎಲ್ಲಿಂದ ಬರುತ್ತದೆ.

ಗಾಳಿಯ ವಿಷಯ ಬಂದಾಗ ಇನ್ನೊಂದು ಕಥೆ ಹೇಳಲೇಬೇಕು. ಫ್ರಾನ್ಸ್ ದೇಶ 1930ರ ದಶಕದಲ್ಲಿ ಜರ್ಮನಿಯ ಗಡಿಗೆ ಮ್ಯಾಜಿನೋ ಲೈನ್ ಅಂತ ನೆಲದಡಿ ಕೋಟೆಗಳ ಸಾಲೇ ಕಟ್ಟಿತು. ಒಳಗೆ ಮಲಗುವ ಕೋಣೆ, ಅಡುಗೆಮನೆ, ಆಸ್ಪತ್ರೆ, ದೊಡ್ಡವುಗಳಲ್ಲಿ ಸಣ್ಣ ರೈಲು ಕೂಡ. 1940ರ ಮೇಯಲ್ಲಿ ಜರ್ಮನರು ಸಾಲಿನ ತುದಿಯಲ್ಲಿದ್ದ ಲಾ ಫೆರ್ತೆ ಅನ್ನುವ ಸಣ್ಣ ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದ 107 ಮಂದಿಯೂ ಸತ್ತರು, ಹೆಚ್ಚಿನವರು ನೆಲದಡಿಯಲ್ಲಿ ವಿಷಗಾಳಿಗೆ ಉಸಿರು ಕಟ್ಟಿ. ಗೋಡೆ ಎಷ್ಟು ದಪ್ಪ ಅಂತ ಎಲ್ಲರೂ ಕೇಳುತ್ತಾರೆ. ನೀವು ಉಸಿರು ಎಲ್ಲಿಂದ, ನೀರು ಎಲ್ಲಿಂದ, ಅನ್ನ ಎಷ್ಟು ದಿನಕ್ಕೆ ಅಂತ ಕೇಳಿ. ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಹತ್ತಿದರೂ, ಅದು 1794ರ ಜಮಾಲಾಬಾದ್ ಕೋಟೆ, ಮೇಲೆ ಮಳೆನೀರು ಹಿಡಿಯುವ ಕೆರೆಯನ್ನು ಮೊದಲು ಹುಡುಕಿ. ಅಷ್ಟು ಎತ್ತರದ ಬಂಡೆಯ ಮೇಲೆ ಸೈನಿಕರು ಬದುಕಿದ್ದು ಆ ನೀರಿನಿಂದ.

ಇದು ಹಳೆ ಕಾಲದ ಮಾತು ಮಾತ್ರ ಅಲ್ಲ. ಜಮ್ಮು ಗಡಿಯ ಹಳ್ಳಿಗಳಿಗೆ ಅಂತ 14,460 ಬಂಕರುಗಳಿಗೆ ಕೇಂದ್ರ ಸರಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಸೈನಿಕರಿಗಲ್ಲ, ಮನೆಯವರಿಗೆ. ಶೆಲ್ ಬೀಳಲು ಶುರುವಾದಾಗ ಮಗು ಎತ್ತಿಕೊಂಡು, ಅಜ್ಜಿಯ ಕೈ ಹಿಡಿದುಕೊಂಡು ಇಳಿಯುವ ಜಾಗ. ಬತ್ತೇರಿಯ ಕೆಳಗಿನ ಕತ್ತಲೆ ನೋಡುವಾಗ ಇದನ್ನೂ ಮಕ್ಕಳಿಗೆ ಹೇಳಿ, ಆದರೆ ಹೆದರಿಸಬೇಡಿ. ಒಳಗೆ ಒಂದು ರಾತ್ರಿ ಕಳೆಯಬೇಕಾದರೆ ನೀನು ಏನೇನು ತೆಗೆದುಕೊಳ್ಳುತ್ತಿ ಅಂತ ಕೇಳಿ. ನಮ್ಮ ಹುಡುಗ ಮೊದಲು ಮೊಬೈಲ್ ಅಂದ, ಸ್ವಲ್ಪ ಯೋಚಿಸಿ ನೀರು ಅಂದ, ಆಮೇಲೆ ಅಜ್ಜಿಯ ಬಿಪಿ ಮಾತ್ರೆ ಅಂದ.

ಯುದ್ಧ ಮುಗಿದ ಮೇಲೆ ಇವು ಏನಾಗುತ್ತವೆ ಅನ್ನುವುದು ನನಗೆ ಇನ್ನೂ ಇಷ್ಟದ ವಿಷಯ. ಒಡೆಯುವುದು ಸುಲಭ ಅಲ್ಲ, ಅಷ್ಟು ಗಟ್ಟಿ ಇರುತ್ತವೆ. ಹಾಗಾಗಿ ಜನ ಏನಾದರೂ ಉಪಯೋಗ ಹುಡುಕುತ್ತಾರೆ. ಯುರೋಪಿನ ಅಲ್ಬೇನಿಯಾದಲ್ಲಿ ಸರ್ವಾಧಿಕಾರಿ ಎನ್ವರ್ ಹೋಜಾ ಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಬಂಕರ್ ಕಟ್ಟಿದರು, ಅವರು ಹೆದರಿದ್ದ ದಾಳಿ ಬರಲೇ ಇಲ್ಲ; ಈಗ ಕೆಲವು ದನದ ಕೊಟ್ಟಿಗೆ, ಕೆಲವು ಅಂಗಡಿ, ರಾಜಧಾನಿ ತಿರಾನಾದ ದೊಡ್ಡದೊಂದು ಮ್ಯೂಸಿಯಂ. ಬರ್ಲಿನ್ನಿನಲ್ಲಿ ವಿಮಾನದಾಳಿಯಿಂದ ತಪ್ಪಿಸಿಕೊಳ್ಳಲು ಕಟ್ಟಿದ ಒಂದು ಬಂಕರ್ ಯುದ್ಧದ ನಂತರ ಹಣ್ಣಿನ ಗೋಡೌನ್ ಆಯಿತು, ಜನ ಅದನ್ನು ಬಾಳೆಹಣ್ಣಿನ ಬಂಕರ್ ಅಂತಲೇ ಕರೆದರು, ಆಮೇಲೆ ಡ್ಯಾನ್ಸ್ ಕ್ಲಬ್, ಈಗ ಕಲಾಕೃತಿ ಇಡುವ ಜಾಗ. ಪೋಲೆಂಡಿನ ನಿಯೆಟೊಪೆರೆಕ್ ಹತ್ತಿರ ಜರ್ಮನರು ತೋಡಿದ ಸುರಂಗಗಳಲ್ಲಿ ಚಳಿಗಾಲಕ್ಕೆ 30 ಸಾವಿರಕ್ಕೂ ಜಾಸ್ತಿ ಬಾವಲಿಗಳು ಬಂದು ಮಲಗುತ್ತವೆ. ನಮ್ಮ ಮುಂಬೈ ರಾಜಭವನದ ಅಡಿಯಲ್ಲಿ 2016ರಲ್ಲಿ ಬ್ರಿಟಿಷರ ಕಾಲದ ಬಂಕರ್ ಸಿಕ್ಕಿತು, 2019ರಲ್ಲಿ ಅದನ್ನು ಮ್ಯೂಸಿಯಂ ಮಾಡಿದರು. ಕತ್ತಲೆ, ವರ್ಷಪೂರ್ತಿ ಒಂದೇ ಹದದ ತಂಪು, ದಪ್ಪ ಗೋಡೆ. ಸೈನ್ಯಕ್ಕೆ ಬೇಕಾಗಿದ್ದದ್ದೇ ಅಣಬೆಗೂ ಕಂಪ್ಯೂಟರ್ ಸರ್ವರಿಗೂ ಬೇಕು.

ನಮ್ಮ ಕರಾವಳಿಯಲ್ಲೂ ನೆಲದಡಿ ದೊಡ್ಡ ಕಾವಲು ಒಂದುಂಟು, ಹೆಚ್ಚಿನವರಿಗೆ ಗೊತ್ತಿಲ್ಲ. ಮಂಗಳೂರಿನಲ್ಲೂ ಕಾಪು ಹತ್ತಿರದ ಪಾದೂರಿನಲ್ಲೂ ಬಂಡೆ ಕೊರೆದು ಕಚ್ಚಾ ತೈಲ ಇಡಲು ಗುಹೆಗಳನ್ನು ಮಾಡಿದ್ದಾರೆ. ಮಂಗಳೂರಿನದ್ದು 15 ಲಕ್ಷ ಟನ್, ಪಾದೂರಿನದ್ದು 25 ಲಕ್ಷ ಟನ್. ಯುದ್ಧವೋ ಬೇರೇನೋ ಆಗಿ ಹೊರಗಿನ ತೈಲ ನಿಂತರೆ ಅಂತ ಕೂಡಿಟ್ಟದ್ದು. ಬಂಡೆಯೊಳಗೆ ಎಣ್ಣೆ ಸೋರದೆ ಹೇಗೆ ನಿಲ್ಲುತ್ತದೆ? ಗುಹೆ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದೆ, ಸುತ್ತಲಿನ ಬಿರುಕುಗಳಲ್ಲಿ ನೀರು ತುಂಬಿ ಒಳಗೆ ಒತ್ತುತ್ತಿರುತ್ತದೆ, ಹಾಗಾಗಿ ಎಣ್ಣೆ ಹೊರಗೆ ಬರಲಾರದು. ಟಿಪ್ಪುವಿನ ಮದ್ದಿಗೆ ನೀರು ಶತ್ರು, ಇಲ್ಲಿ ಅದೇ ನೀರು ಕಾವಲುಗಾರ. ಇದನ್ನು ನೋಡಲು ಹೋಗುವಂತಿಲ್ಲ, ಬತ್ತೇರಿಯಲ್ಲಿ ಕುಳಿತು ಮಾತಾಡಬಹುದು ಅಷ್ಟೆ.

ಮಾಡಬಾರದ ಕೆಲಸ ಕೆಲವು ಉಂಟು, ಇದನ್ನು ಬೇಜಾರಿನಿಂದಲೇ ಬರೆಯುತ್ತಿದ್ದೇನೆ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. 1958ರ ಕಾನೂನಿನ ಪ್ರಕಾರ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಆದರೆ ದಂಡಕ್ಕೆ ಹೆದರಿ ಸುಮ್ನಿರುವುದಕ್ಕಿಂತ, 240 ವರ್ಷ ಮಳೆಯಲ್ಲಿ ನೆನೆದ ಕಲ್ಲು ಅಂತ ನೆನೆದು ಸುಮ್ನಿದ್ದರೆ ನನಗೆ ಖುಷಿ. ಬೇರೆ ಊರಿನಲ್ಲಿ ಬಲ್ಲೆಯೊಳಗೆ ಪಾಳುಬಿದ್ದ ಬಂಕರೋ ಸುರಂಗವೋ ಕಂಡರೆ ಒಬ್ಬರೇ ಒಳಗೆ ಹೋಗಬೇಡಿ. ಹಾವು ಇರಬಹುದು, ಹಳೆ ಬಾವಿ ಇರಬಹುದು, ಎಲ್ಲಕ್ಕಿಂತ ಜಾಸ್ತಿ ಕೆಟ್ಟ ಗಾಳಿ ಇರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಬಾವಲಿ ಇದ್ದರೆ ಟಾರ್ಚು ಹೊಡೆಯದೆ ಹಿಂದೆ ಬನ್ನಿ. ಗಡಿಯ ಹತ್ತಿರದ ಜಾಗಗಳಲ್ಲಿ ತುಕ್ಕು ಹಿಡಿದ ಯಾವ ಲೋಹದ ತುಂಡನ್ನೂ ಮುಟ್ಟಬೇಡಿ, ಹಳೆ ಶೆಲ್ ಈಗಲೂ ಸಿಡಿಯುತ್ತದೆ.

ಎಲ್ಲ ನೋಡಿ ಆದ ಮೇಲೆ ತಣ್ಣೀರುಬಾವಿಗೆ ಹೋಗಿ, ಖಂಡಿತ ಹೋಗಿ. ಆದರೆ ಫೆರಿ ದೋಣಿಯಲ್ಲಿ ಬೀಚಿನ ಕಡೆಗೆ ಮುಖ ಮಾಡಬೇಡಿ, ಹಿಂದಕ್ಕೆ ತಿರುಗಿ ಕುಳಿತುಕೊಳ್ಳಿ. ಈಗ ನೀವು ಹಡಗಿನವರು. ಸ್ವಲ್ಪ ಹೊತ್ತಿನ ಹಿಂದೆ ನೀವೇ ಬಗ್ಗಿ ನೋಡಿದ ಆ ತೂತು ನೀರಿನಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆ, ಅದರ ಹಿಂದೆ ಯಾರಾದರೂ ನಿಂತಿದ್ದರೆ ಗೊತ್ತಾಗುತ್ತದಾ ಅಂತ ಹುಡುಕಿ. ನಮ್ಮ ಹುಡುಗ ದೋಣಿ ದಡ ಮುಟ್ಟುವವರೆಗೂ ಹುಡುಕಿದ.