ಲೋಂಗೆವಾಲಾ ಕದನಾನ ಊಟದ ಟೇಬಲ್ ಮೇಲೆ ಆಡೋದು ಹೇಗೆ

ಪುಟಾಣಿ ಟ್ಯಾಂಕ್ ಕಟ್ಟೋ ಹುಚ್ಚು ಹತ್ತಿದೋರು ಮೊದ್ಲು ಮಾಡೋ ತಪ್ಪು, ಕಣ್ಣಿಗೆ ಚೆಂದ ಕಂಡ ಕಿಟ್ಟೆಲ್ಲ ತರ್ಸಿಬಿಡೋದು. ನಾನೂ ಅದನ್ನೇ ಮಾಡ್ದೆ. ಅಮೆರಿಕದ ಅಬ್ರಾಮ್ಸ್ ಒಂದು ಸೈಜು, ರಷ್ಯದ ಟಿ-72 ಇನ್ನೊಂದು ಸೈಜು, ಹೆಲಿಕಾಪ್ಟರ್ ಮತ್ತೊಂದು ಸೈಜು, ಶೋಕೇಸ್ ತುಂಬ್ತು, ಆಡೋಕೆ ಕೂತ್ರೆ ಯಾವುದಕ್ಕೂ ಯಾವುದೂ ಜೋಡಿ ಇಲ್ಲ. ಅದಕ್ಕೇ ಹೇಳ್ತೀನಿ, ಮೊದ್ಲು ಯುದ್ಧ ಆರಿಸ್ಕೊಳ್ಳಿ, ಕಿಟ್ ಆಮೇಲೆ.

ನಾನು ಆರಿಸ್ಕೊಂಡಿದ್ದು ಲೋಂಗೆವಾಲಾ. 1971ರ ಡಿಸೆಂಬರ್ 4ರ ರಾತ್ರಿ, ರಾಜಸ್ಥಾನದ ಥಾರ್ ಮರುಭೂಮಿ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಕೆಳಗೆ 23ನೇ ಪಂಜಾಬ್ ಬೆಟಾಲಿಯನ್ನಿನ ಸುಮಾರು 120 ಜನ, ಎದುರಿಗೆ ಪಾಕಿಸ್ತಾನದ ಸುಮಾರು 2000 ಜನ, 40ರ ಆಸುಪಾಸು ಟ್ಯಾಂಕ್. ಹೊಸಬರಿಗೆ ಇದು ಯಾಕೆ ಒಳ್ಳೇದು ಅಂದ್ರೆ ಒಂದು ಕಡೆಗೆ ಸಾಮಾನು ತೀರಾ ಕಮ್ಮಿ ಸಾಕು, ಇನ್ನೊಂದು ಕಡೆಗೆ ಬಹುಪಾಲು ಒಂದೇ ನಮೂನೆ ಟ್ಯಾಂಕು, ಟೈಪ್ 59 ಅಂತ, ಜಾಗ ನೋಡಿದ್ರೆ ಬರೀ ಮರಳು, ಮನೆ ಮರ ಅಂತ ಕಟ್ಕೊಂಡು ಕೂರೋ ಕೆಲ್ಸಾನೇ ಇಲ್ಲ.

ಈಗ ಸ್ಕೇಲ್, ಅಂದ್ರೆ ಗೊಂಬೆ ನಿಜವಾದ ಸೈಜಿಗಿಂತ ಎಷ್ಟು ಪಟ್ಟು ಸಣ್ಣದು ಅನ್ನೋ ಲೆಕ್ಕ. 1/72 ಅಂದ್ರೆ ಆರಡಿ ಮನುಷ್ಯ 25 ಮಿಲಿಮೀಟರ್ ಆಗ್ತಾನೆ, ಟೈಪ್ 59 ಟ್ಯಾಂಕಿನ ಒಡಲು, ನಳಿಗೆ ಬಿಟ್ಟು, 84 ಮಿಲಿಮೀಟರ್. 1/100ಕ್ಕೆ ಹೋದ್ರೆ 60, ಇನ್ನೂ ಇಳಿದು 1/285 ಅಂದ್ರೆ ಬರೀ 21, ಹುಣಸೆ ಬೀಜದ ಲೆಕ್ಕ. ಜಾಗ ಕಮ್ಮಿ ಇದ್ರೆ ಸಣ್ಣದೇ ಸರಿ, ಆದ್ರೆ ನಂಗೆ ಕಟ್ಟೋ ಖುಷೀನೂ ಬೇಕಿತ್ತು, ಅದಕ್ಕೆ 1/72. ಇಲ್ಲೊಂದು ತಲೆನೋವಿದೆ, ಆಧುನಿಕ ಕಾಲದ ಯುದ್ಧ ಆಡೋರೆಲ್ಲ ಇದಕ್ಕೆ ಸಿಕ್ಕೇ ಸಿಕ್ತಾರೆ. 1/72ರಲ್ಲಿ ಒಂದು ಕಿಲೋಮೀಟರ್ ಅಂದ್ರೆ ಸುಮಾರು 14 ಮೀಟರ್, ಅಂದ್ರೆ ಅಡುಗೆಮನೇಲಿರೋ ಗನ್ನು ಬಾಲ್ಕನಿ ದಾಟಿ ಪಕ್ಕದ ಮನೆ ಕಾಂಪೌಂಡಲ್ಲಿರೋ ಟ್ಯಾಂಕಿಗೆ ಗುರಿ ಇಡ್ಬೇಕು. ಕತ್ತಿ ಈಟಿ ಯುದ್ಧ ಆಡೋರಿಗೆ ಈ ಗೋಳಿಲ್ಲ. ಉಪಾಯ ಏನಂದ್ರೆ ಗೊಂಬೆಗೊಂದು ಸ್ಕೇಲ್, ನೆಲಕ್ಕೊಂದು ಸ್ಕೇಲ್. ನಂದು 1 ಸೆಂಟಿಮೀಟರಿಗೆ 10 ಮೀಟರ್, ಆಗ ಒಂದು ಕಿಲೋಮೀಟರ್ ಬಂದು ಒಂದು ಮೀಟರಿಗೆ ಕೂರತ್ತೆ, ಊಟದ ಟೇಬಲ್ ಸಾಕಾಗತ್ತೆ. ಕಣ್ಣಿಗೆ ಟ್ಯಾಂಕುಗಳು ಸ್ವಲ್ಪ ಜಾಸ್ತೀನೇ ಒತ್ತೊತ್ತಾಗಿ ಕಾಣ್ತವೆ, ಹೊಂದ್ಕೊಳ್ಳಿ. ಹಾಗೇ ಒಂದು ಗೊಂಬೆ ಅಂದ್ರೆ 5 ಜನ, ಒಂದು ಟ್ಯಾಂಕ್ ಅಂದ್ರೆ 4 ಟ್ಯಾಂಕ್. ಲೆಕ್ಕ ಹಾಕಿ, ನಮ್ಮ ಕಡೆ 24 ಗೊಂಬೆ, ಅವರ ಕಡೆ 10 ಟ್ಯಾಂಕ್, ಜತೆಗೆ ಒಂದಷ್ಟು ಕಾಲಾಳು. ಇಷ್ಟು ಬರ್ಕೊಂಡು ಆಮೇಲೆ ಪರ್ಸ್ ತೆಗೀರಿ.

ಟೈಪ್ 59 ಅನ್ನೋದು ಸೋವಿಯತ್ ಟಿ-54ರ ಚೀನೀ ನಕಲು, ಟ್ರಂಪೆಟರ್ ಕಂಪನಿಯ 1/72 ಕಿಟ್ ಇದೆ, ಅದು ಸಿಗ್ಲಿಲ್ಲ ಅಂದ್ರೆ ಯಾವ್ದಾದ್ರೂ ಟಿ-54 ಕಿಟ್ ತಗೊಳ್ಳಿ, ಮೂರಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ. ಒಂದೇ ಗುರುತು ಕಾಪಾಡಿ, ಐದು ದೊಡ್ಡ ಚಕ್ರ, ಮೊದಲ್ನೇದಕ್ಕೂ ಎರಡನೇದಕ್ಕೂ ನಡುವೆ ಜಾಸ್ತಿ ಸಂದು, ಇದನ್ನ ತಪ್ಪಿಸಿದ್ರೆ ಮಾತ್ರ ಗೊತ್ತಿರೋರು ನಗ್ತಾರೆ. ಅಂಟಿಸೋವಾಗ ಹತ್ತೂ ಟ್ಯಾಂಕಿನ ಚಕ್ರ ಒಂದು ದಿನ, ಹತ್ತೂ ಗೋಪುರ ಇನ್ನೊಂದು ದಿನ ಮಾಡಿ. ಒಂದೊಂದೇ ಪೂರ್ತಿ ಮುಗಿಸ್ತೀನಿ ಅಂತ ಹೊರಟ್ರೆ ನಾಲ್ಕನೇ ಟ್ಯಾಂಕಿಗೆ ಬೇಜಾರು ಬಂದುಬಿಡತ್ತೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟೇ ಬೇಕು, ಅದು ಎರಡೂ ತುಂಡಿನ ಅಂಚು ಕರಗಿಸಿ ಬೆಸೆಯತ್ತೆ. ಫೆವಿಕ್ವಿಕ್ ಹಾಕಿದ್ರೆ ನಿಲ್ಲತ್ತೆ, ಆದ್ರೆ ಕೆಳಗೆ ಬಿದ್ರೆ ಟಕ್ ಅಂತ ಬಿಡತ್ತೆ.

ನಮ್ಮ ಕಡೆ ಮುಖ್ಯ ಆಯುಧ ಜೀಪಿನ ಮೇಲಿನ 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್, ಅಂದ್ರೆ ಹಾರಿಸಿದಾಗ ಹಿಂದಕ್ಕೆ ಒದೆಯದ, ಟ್ಯಾಂಕ್ ಹೊಡೆಯೋ ಗನ್. ಅಂದಹಾಗೆ ಅದರ ನಿಜವಾದ ಬಾಯಳತೆ 105, ಹಳೇ ಗನ್ನಿನ ಗುಂಡು ಬೆರಕೆ ಆಗ್ಬಾರ್ದು ಅಂತ 106 ಅಂತ ಹೆಸರಿಟ್ರು. ಪೂರ್ತಿ ಗನ್ನು ಈ ಸ್ಕೇಲಲ್ಲಿ 47 ಮಿಲಿಮೀಟರ್ ಬರತ್ತೆ. ನಾನು ಊದುಬತ್ತಿ ಕಡ್ಡಿ ಕತ್ತರಿಸಿ, ಹಿಂದಿನ ದಪ್ಪ ಭಾಗಕ್ಕೆ ಎಂ-ಸೀಲ್ ಸುತ್ತಿ ಮಾಡ್ದೆ, ಮೇಲೆ ಗುರಿ ನೋಡೋ ಸಣ್ಣ ರೈಫಲ್‌ಗೆ ಒಂದು ಗುಂಡುಸೂಜಿ. ವಿಮಾನ ಅಂದ್ರೆ ಜೈಸಲ್ಮೇರಿಂದ ಬಂದ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನಗಳು, ರೆವೆಲ್ ಕಂಪನಿಯ ಕಿಟ್ ಒಂದಿದ್ರೆ ಸಾಕು. ಅವಕ್ಕೆ ಮೇಲಿಂದ ಗುರಿ ತೋರಿಸ್ತಿದ್ದಿದ್ದು ಕೃಷಕ್ ಅನ್ನೋ ಪುಟ್ಟ ವಿಮಾನ, ನಮ್ಮ ಬೆಂಗಳೂರಿನ ಎಚ್‌ಎಎಲ್‌ದೇ! ಅದ್ರದ್ದು ಕಿಟ್ ನಂಗೆ ಸಿಗ್ಲಿಲ್ಲ, ಫೋಟೋ ನೋಡ್ಕೊಂಡು ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಮಾಡ್ದೆ, ರೆಕ್ಕೆ ಒಂಚೂರು ಸೊಟ್ಟ ಆಗಿದೆ, ಇರ್ಲಿ.

ಸೈನಿಕರದ್ದು ಬೇರೆ ಕತೆ. 1/72 ಗೊಂಬೆಗಳು ಬಗ್ಗೋ ಮೆತ್ತನೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲ್ಲ, ಬಣ್ಣನೂ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರತ್ತೆ. ಪಾತ್ರೆ ಸೋಪಲ್ಲಿ ತೊಳೆದು ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಹೊಡೀರಿ, ಆಮೇಲೆ ಬಣ್ಣ. ಕೆಲವು ತಲೆಗಳ ಹೆಲ್ಮೆಟ್ ಕೆರೆದು ಎಂ-ಸೀಲಲ್ಲೇ ಪೇಟ ಸುತ್ತಬಹುದು, ಕಡಲೆಕಾಳಿನ ಕಾಲು ಭಾಗದಷ್ಟು ಸಾಕು, ಕೈ ಒದ್ದೆ ಮಾಡ್ಕೊಳ್ಳಿ ಇಲ್ಲಾಂದ್ರೆ ಬೆರಳಿಗೇ ಅಂಟ್ಕೊಳ್ಳತ್ತೆ.

ಬಣ್ಣ ಹಿಡಿಯಲಿ ಅಂತ ಮೊದ್ಲು ಹೊಡೆಯೋ ಪ್ರೈಮರ್ ಸ್ಪ್ರೇನ ಮಳೆಗಾಲದಲ್ಲಿ ಹೊಡೀಬೇಡಿ, ದಯವಿಟ್ಟು. ಜುಲೈ ತಿಂಗಳಲ್ಲಿ ತಾರಸಿ ಮೇಲೆ ಹೊಡೆದು ಆರು ಟ್ಯಾಂಕ್ ಮೇಲೂ ಬೂದಿ ಉದುರಿಸಿದ ಹಾಗೆ ಬಿಳಿ ಪುಡಿ ಕೂತ್ಕೊಂಡು, ಮತ್ತೆ ಉಜ್ಜಿ ತೆಗೆಯೋಕೆ ಎರಡು ಭಾನುವಾರ ಹೋಯ್ತು. ಕಡು ಹಸಿರು ಬಣ್ಣ, ಸಂದುಗಳಿಗೆ ನೀರಾದ ಕಂದು ಬಣ್ಣ ಇಳಿಸೋದು, ಕೊನೇಲಿ ಹೆಚ್ಚುಕಮ್ಮಿ ಒಣಗಿದ ಬ್ರಶ್ಶಲ್ಲಿ ಮರಳಿನ ಬಣ್ಣ ಉಬ್ಬಿದ ಕಡೆಯೆಲ್ಲ ಸವರೋದು. ಮರುಭೂಮಿ ಯುದ್ಧದ ದೊಡ್ಡ ಅನುಕೂಲ ಇದೇ, ಏನು ತಪ್ಪಾದ್ರೂ ಧೂಳು ಮುಚ್ಚತ್ತೆ.

ನೆಲಕ್ಕೆ ಥರ್ಮಾಕೋಲ್ ಕೆತ್ತಿ ದಿಬ್ಬ ಮಾಡಿ ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳು ಉದುರಿಸಿ. ನಾನು ಬುದ್ಧಿವಂತ ಅಂದ್ಕೊಂಡು ಚಿರೋಟಿ ರವೆ ಹಾಕಿದ್ದೆ, ಬಣ್ಣ ಹೊಡೆಯೋ ಮುಂಚೆ ಇರುವೆ ದಂಡೇ ಬಂತು, ಅದೂ ಒಂದು ಆಕ್ರಮಣವೇ. ಕುರುಚಲು ಗಿಡಕ್ಕೆ ತೆಂಗಿನ ನಾರು. ಅವತ್ತು ಹಂಟರ್‌ಗಳಿಂದ ತಪ್ಪಿಸ್ಕೊಳ್ಳೋಕೆ ಟ್ಯಾಂಕುಗಳು ಮರಳಲ್ಲಿ ಸುತ್ತು ಹೊಡೆದ ಜಾಡು ಮೇಲಿಂದ ತೆಗೆದ ಫೋಟೋದಲ್ಲಿದೆ, ರಂಗೋಲಿ ಹಾಗೆ ಕಾಣತ್ತೆ. ಅಂಟು ಹಸಿ ಇರುವಾಗ್ಲೇ ಒಂದು ಹಳೇ ಟ್ಯಾಂಕ್ ಓಡಿಸಿ ಅದೇ ಜಾಡು ಮೂಡ್ಸಿ, ಓಡ್ಸಿದ ತಕ್ಷಣ ಟ್ಯಾಂಕ್ ತೊಳೀರಿ.

ಆಟದ ನಿಯಮ ನೀವೇ ಬರ್ಕೊಳ್ಳಬಹುದು, ನನ್ನವು ಎರಡೇ ಪುಟ. 12 ಸುತ್ತು, ಮೊದಲ 6 ರಾತ್ರಿ, ರಾತ್ರಿ 30 ಸೆಂಟಿಮೀಟರಿಗಿಂತ ಆಚೆ ಯಾರಿಗೂ ಏನೂ ಕಾಣಲ್ಲ. ಹಂಟರ್‌ಗೆ ಕತ್ತಲಲ್ಲಿ ದಾಳಿ ಮಾಡೋ ಸವಲತ್ತು ಇರ್ಲಿಲ್ಲ, ಅದಕ್ಕೆ 7ನೇ ಸುತ್ತಿನವರೆಗೂ ಅದು ಶೋಕೇಸಲ್ಲೇ ಇರ್ಬೇಕು. ಮರಳಲ್ಲಿ ಓಡೋ ಪ್ರತಿ ಟ್ಯಾಂಕಿಗೂ ದಾಳ ಹಾಕಿ, 1 ಬಿದ್ರೆ ಹೂತ್ಕೊಳ್ತು. ಎಲ್ಲಕ್ಕಿಂತ ಮಜಾ ಇರೋದು ಮುಳ್ಳುತಂತೀಲಿ. ಅವತ್ತು ನಮ್ಮೋರು ಅವಸರದಲ್ಲಿ ಎಳೆದಿದ್ದ ಬರೀ ತಂತಿ ನೋಡಿ ಎದುರಿನೋರು ಮೈನ್, ಅಂದ್ರೆ ನೆಲದಲ್ಲಿ ಹೂತಿಟ್ಟ ಬಾಂಬ್, ಇದೆ ಅಂದ್ಕೊಂಡು ನಿಂತುಬಿಟ್ರು, ಮೈನ್ ಹುಡುಕಿ ತೆಗೆಯೋ ಸ್ಯಾಪರ್ ಸೈನಿಕರು ಬಂದು ಹುಡುಕೋ ಅಷ್ಟರಲ್ಲಿ ಸುಮಾರು ಎರಡು ತಾಸು ಹೋಯ್ತು. ಟೇಬಲ್ ಮೇಲೆ ಇದನ್ನ ತರೋಕೆ ಹಳೇ ಇಯರ್‌ಫೋನಿನ ತಂತಿ ಎಳೆದು, ಕೆಳಗೆ ಐದು ಚೀಟಿ ಮಗುಚಿ ಇಡಿ. ಚೀಟೀಲಿ ಏನಿದೆ ಅನ್ನೋದು ಭಾರತದ ಕಡೆ ಆಡೋರಿಗೆ ಮಾತ್ರ ಗೊತ್ತು, ಐದೂ ಖಾಲಿ ಇರಬಹುದು, ಬೇಕಂದ್ರೆ ಎರಡರ ಮೇಲೆ ಮೈನ್ ಅಂತ ಬರೀಬಹುದು. ನಮ್ಮ ಭಾವ ಮೊದಲ್ನೇ ಸಲ ಖಾಲಿ ಚೀಟಿ ಮುಂದೆ ಮೂರು ಸುತ್ತು ಕಾದ್ರು, ಬೆಳಕು ಹರೀತು, ಹಂಟರ್ ಬಂತು, ಮುಗೀತು. ಎರಡನೇ ಸಲ ನಗ್ತಾ ನಾಲ್ಕು ಟ್ಯಾಂಕ್ ಸೀದಾ ನುಗ್ಗಿಸಿದ್ರು, ಅವತ್ತು ನಾನು ಎರಡು ಚೀಟೀಲಿ ಬರೆದಿದ್ದೆ.