ಏಸಿಯಿಂದ ಬಿಸಿಗಾಳಿಯೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಕಾರಿನ ಏಸಿ ತಣ್ಣಗಾಗುತ್ತಿಲ್ಲ ಎಂದರೆ ಸಾಕು, ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿಬಿಡಿ’ ಎನ್ನುವವರೇ ಹೆಚ್ಚು. ಆದರೆ ಏಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್, ಸೀಲುಗಳ ಮೂಲಕ ವರ್ಷಗಳಲ್ಲಿ ತುಸು ಜಿನುಗುವುದು ಸಹಜ. ತುಂಬಿಸಿದ ಕೆಲವೇ ತಿಂಗಳಲ್ಲಿ ಖಾಲಿಯಾದರೆ ಎಲ್ಲೋ ಸೋರುತ್ತಿದೆ. ಗ್ಯಾಸ್ ಪೂರ್ತಿ ಇದ್ದೂ ಬಿಸಿಗಾಳಿ ಬರುವುದುಂಟು. ಹಾಗಾಗಿ ಮೊದಲು ತಿಳಿಯಬೇಕಾದದ್ದು: ತಂಪು ಹುಟ್ಟುತ್ತಲೇ ಇಲ್ಲವೋ, ಹುಟ್ಟಿದ್ದು ಒಳಗೆ ತಲುಪುತ್ತಿಲ್ಲವೋ?

ಬಾನೆಟ್ ತೆರೆದು ನೋಡಿ

ಎಂಜಿನ್ ಶುರುಮಾಡಿ, ಏಸಿಯನ್ನು ಅತಿ ತಂಪಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಬಟನ್ ಒತ್ತಿ, ಕಿಟಕಿಗಳನ್ನು ಮುಚ್ಚಿ ಐದಾರು ನಿಮಿಷ ಬಿಡಿ. ನಡುವಿನ ವೆಂಟಿಗೆ ಥರ್ಮಾಮೀಟರ್ ಇಟ್ಟರೆ ಸುಸ್ಥಿತಿಯಲ್ಲಿರುವ ಏಸಿ ಸಾಮಾನ್ಯವಾಗಿ 5ರಿಂದ 10 ಡಿಗ್ರಿ ತೋರಿಸುತ್ತದೆ. ಸೆಕೆ ಹೆಚ್ಚಿದ್ದರೆ ಇನ್ನೂ ಎರಡು-ಮೂರು ಡಿಗ್ರಿ ಏರಬಹುದು.

ಈಗ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯೊಳಗೆ ಹೋಗುವ ಎರಡು ಏಸಿ ಪೈಪುಗಳನ್ನು ಅಲ್ಲೇ, ಗೋಡೆಯ ಹತ್ತಿರ, ಮುಟ್ಟಿ ನೋಡಿ. ಬೆಲ್ಟ್, ಫ್ಯಾನುಗಳ ಬಳಿ ಕೈ ಹೋಗಬಾರದು; ಗ್ಯಾಸನ್ನು ಒತ್ತುವ ಕಂಪ್ರೆಸರ್‌ನಿಂದ, ಅದರ ಬಿಸಿಯನ್ನು ಹೊರಹಾಕುವ ಮುಂಭಾಗದ ಕಂಡೆನ್ಸರಿಗೆ ಹೋಗುವ ಪೈಪು ಕೈ ಸುಡುವಷ್ಟು ಬಿಸಿ ಇರುತ್ತದೆ. ದಪ್ಪ ಪೈಪು ತಣ್ಣಗಿದ್ದು ಹನಿಗಟ್ಟಿದ್ದರೆ ತಂಪು ಹುಟ್ಟುತ್ತಿದೆ ಎಂದರ್ಥ. ಆಗ ಗ್ಯಾಸಿನ ಮಾತೇ ಬೇಡ. ಗಾಳಿಯ ರಭಸವೇ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ರಭಸ ಸರಿಯಿದ್ದೂ ಬಿಸಿಯಾಗಿದ್ದರೆ, ಹೀಟರಿನ ಗಾಳಿ ಬೆರೆಸುವ ಡ್ಯಾಶ್‌ಬೋರ್ಡ್ ಒಳಗಿನ ಬಾಗಿಲು ಸಿಕ್ಕಿಕೊಂಡಿರಬೇಕು. ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಾಗ ಡ್ಯಾಶಿನೊಳಗೆ ‘ಟಿಕ್ ಟಿಕ್’ ಕೇಳುತ್ತದೆ.

ದಪ್ಪ ಪೈಪು ಬೆಚ್ಚಗೇ ಇದ್ದರೆ ಕಂಪ್ರೆಸರ್ ನೋಡಿ. ಪುಲ್ಲಿ ಸದಾ ತಿರುಗುತ್ತದೆ. ಅದರ ಮುಂದಿನ ಕ್ಲಚ್ ಪ್ಲೇಟ್ ಏಸಿ ಹಾಕಿದಾಗ ಮಾತ್ರ ‘ಟಕ್’ ಎಂದು ಅಂಟಿ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಕ್ಲಚ್ಚಿಗೆ ಕರೆಂಟ್ ಹರಿಸುವ ಸ್ವಿಚ್ ಆದ ರಿಲೇ ನೋಡಿ. ಫ್ಯೂಸ್ ಬಾಕ್ಸಿನಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿದರೆ ಸಾಕು. ಕ್ಲಚ್ಚಿನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದ್ದೂ ಅಂಟದಿದ್ದರೆ ಪ್ಲೇಟನ್ನು ಸೆಳೆಯುವ ಅಯಸ್ಕಾಂತದ ಕಾಯಿಲ್ ಅಳೆಯಿರಿ: ಸಾಮಾನ್ಯವಾಗಿ 3ರಿಂದ 5 ಓಮ್. ಕಾಯಿಲ್ ಸರಿಯಿದ್ದರೆ ಪ್ಲೇಟ್ ಸವೆದು ಅಂತರ ಹೆಚ್ಚಾಗಿರಬಹುದು. ಕ್ಲಚ್ಚೇ ಇಲ್ಲದ ಕಂಪ್ರೆಸರುಗಳೂ ಇವೆ. ಅವನ್ನು ಸ್ಕ್ಯಾನರ್ ಹಾಕಿಯೇ ಪರೀಕ್ಷಿಸಬೇಕು.

ಕರೆಂಟೇ ಬರುತ್ತಿಲ್ಲವೆಂದು ಪ್ರೆಶರ್ ಸ್ವಿಚ್ಚಿಗೆ ತಂತಿ ಜೋಡಿಸಿ ಕಂಪ್ರೆಸರ್ ಓಡಿಸುವ ಚಾಳಿಯೊಂದಿದೆ. ಬೇಡ. ಗ್ಯಾಸ್ ತೀರಾ ಕಡಿಮೆಯಾದಾಗ ಆ ಸ್ವಿಚ್ ಬೇಕೆಂದೇ ಕಡಿತ ಮಾಡುತ್ತದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜತೆಗೇ ಸುತ್ತುವುದರಿಂದ, ಗ್ಯಾಸಿಲ್ಲದೆ ಓಡಿದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಎಂದರೆ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಕಂಡೆನ್ಸರಿನಲ್ಲಿ ಮಣ್ಣು, ಹುಳು ತುಂಬಿದ್ದರೂ ಹೀಗೇ. ಮೆಲ್ಲಗೆ ನೀರು ಹರಿಸಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚುತ್ತವೆ.

ಗೇಜ್ ಹೇಳುವುದೇನು?

ಏಸಿ ಪೈಪುಗಳ ಎರಡು ಸರ್ವೀಸ್ ಪೋರ್ಟುಗಳಿಗೆ ಒತ್ತಡ ಅಳೆಯುವ ಗೇಜ್ ಹಾಕುತ್ತಾರೆ: ಕಂಪ್ರೆಸರಿಗೆ ಗ್ಯಾಸ್ ಮರಳುವ ಕಡೆ ಲೋ ಸೈಡ್, ಅದರಿಂದ ಒತ್ತಿ ಹೊರಬರುವ ಕಡೆ ಹೈ ಸೈಡ್. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದರೆ ಎರಡೂ ಗೇಜ್ ಒಂದೇ ಅಂಕಿ ತೋರಿಸುತ್ತವೆ. ಆರ್134ಎ ಎಂಬ ಏಸಿ ಗ್ಯಾಸಿಗೆ 30 ಡಿಗ್ರಿ ವಾತಾವರಣದಲ್ಲಿ ಅದು ಸುಮಾರು 95 ಪಿಎಸ್‌ಐ. ಇಲ್ಲಿ ಅನೇಕರು ಎಡವುತ್ತಾರೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ. 200 ಗ್ರಾಂ ಇರಲಿ, 500 ಗ್ರಾಂ ಇರಲಿ, ಅಂಕಿ ಬದಲಾಗದು. ಅದಕ್ಕಿಂತ ತುಂಬ ಕಡಿಮೆಯಿದ್ದರೆ ಮಾತ್ರ ಬಹುಪಾಲು ಖಾಲಿ ಎಂದು ಧೈರ್ಯವಾಗಿ ಹೇಳಬಹುದು.

ಏಸಿ ಓಡುವಾಗ ಲೋ ಸೈಡ್ 30–50, ಹೈ ಸೈಡ್ 175–250 ಪಿಎಸ್‌ಐ ಸುಮಾರು ಸರಿ. ಬಿಸಿಲೇರಿದಂತೆ ಇವೂ ಏರುತ್ತವೆ. ಎರಡೂ ಕಡಿಮೆಯಾದರೆ ಗ್ಯಾಸ್ ಕೊರತೆ. ಎರಡೂ ಹೆಚ್ಚಾದರೆ ಗ್ಯಾಸ್ ಅತಿಯಾಗಿದೆ, ಗಾಳಿ ಸೇರಿದೆ ಅಥವಾ ಫ್ಯಾನ್ ಕೆಟ್ಟಿದೆ. ಲೋ ಹೆಚ್ಚು, ಹೈ ಕಡಿಮೆ ಎಂದರೆ ಕಂಪ್ರೆಸರ್ ಸವೆದಿದೆ. ಲೋ ಸೈಡ್ ಸೊನ್ನೆಯತ್ತ ಕುಸಿಯುತ್ತಿದ್ದರೆ ಎಕ್ಸ್‌ಪಾನ್ಷನ್ ವಾಲ್ವ್ (ದ್ರವವನ್ನು ಕೂಲಿಂಗ್ ಕಾಯಿಲಿಗೆ ಸಣ್ಣ ಕಂಡಿಯಿಂದ ಬಿಡುವ ಭಾಗ) ಅಥವಾ ತೇವ ಹೀರುವ ಡ್ರೈಯರ್ ಕಟ್ಟಿದೆ. ಕಟ್ಟಿದ ಜಾಗದಿಂದಾಚೆ ಪೈಪಿನ ಮೇಲೆ ಕೆಲವೊಮ್ಮೆ ಮಂಜು ಕೂರುತ್ತದೆ. ಮೊದಲು ತಂಪಾಗಿ, ಅರ್ಧ ಗಂಟೆಗೆ ಬಿಸಿಯಾಗಿ, ನಿಲ್ಲಿಸಿ ಹಾಕಿದರೆ ಮತ್ತೆ ತಂಪಾಗುವ ಏಸಿಯಲ್ಲಿ ಒಳಗೆಲ್ಲೋ ಐಸ್ ಕಟ್ಟುತ್ತಿದೆ.

ಸೋರಿಕೆ, ಆಮೇಲೆ ರಿಪೇರಿ

ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಬರುತ್ತದೆ. ಜಿಡ್ಡಿಗೆ ಧೂಳು ಅಂಟಿದ ಕಲೆ ಹುಡುಕಿ. ಕಲ್ಲೇಟು ತಿನ್ನುವ ಕಂಡೆನ್ಸರ್, ಕಂಪ್ರೆಸರಿನ ಶಾಫ್ಟ್ ಸೀಲ್, ಪೈಪುಗಳ ಜೋಡಣೆ, ಸರ್ವೀಸ್ ಪೋರ್ಟಿನ ವಾಲ್ವ್ ಇವು ಮಾಮೂಲಿ ಜಾಗಗಳು. ಸೋಪಿನ ನೊರೆ ದೊಡ್ಡ ಸೋರಿಕೆಯನ್ನಷ್ಟೇ ತೋರಿಸುತ್ತದೆ. ಸಣ್ಣದಕ್ಕೆ ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ (ಯುವಿ ಡೈ) ಅಥವಾ ಎಲೆಕ್ಟ್ರಾನಿಕ್ ಡಿಟೆಕ್ಟರ್ ಬೇಕು. ಡ್ಯಾಶಿನೊಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದೆಯೇ ಎಂದು ನೀರು ಹೋಗುವ ಡ್ರೇನ್ ಪೈಪಿನ ಬಾಯಿಗೆ ಡಿಟೆಕ್ಟರ್ ಹಿಡಿದು ತಿಳಿಯಬಹುದು.

ಬಿಚ್ಚುವ ಮೊದಲು ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಳ್ಳಬೇಕು, ಗಾಳಿಗೆ ಬಿಡಬಾರದು. ದ್ರವ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಅಪಾಯ. ಕನ್ನಡಕ, ಕೈಗವಸು ಕಡ್ಡಾಯ. ಬಿಚ್ಚಿದ ಜೋಡಣೆಗೆ ಹೊಸ ರಬ್ಬರ್ ಓ-ರಿಂಗ್ ಹಾಕಿ, ಕಂಪ್ರೆಸರ್ ಎಣ್ಣೆ ಸವರಿ. ಡ್ರೈಯರನ್ನೂ ಬದಲಿಸಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಂಪ್ರೆಸರಿಗೆ ಹೈ ವೋಲ್ಟೇಜ್ ಇರುವುದರಿಂದ ಮನೆಯಲ್ಲಿ ಕೈಹಾಕಬೇಡಿ. ತಪ್ಪು ಎಣ್ಣೆಯಿಂದ ಅಲ್ಲಿ ಕರೆಂಟೇ ಸೋರಬಹುದು.

ಮುಂದೆ ಕನಿಷ್ಠ 30 ನಿಮಿಷ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವವನ್ನು ಎಳೆದು ತೆಗೆಯುವುದು. ಇದನ್ನು ಹಾರಿಸಿದರೆ ಉಳಿದ ತೇವ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ, ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ. ಪಂಪ್ ನಿಲ್ಲಿಸಿ 15–20 ನಿಮಿಷ ಮುಳ್ಳು ಕದಲದಿದ್ದರೆ ಮಾತ್ರ ಗ್ಯಾಸ್ ತುಂಬಿಸಿ. ಅದೂ ಗೇಜ್ ನೋಡಿಯಲ್ಲ, ತೂಕ ನೋಡಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಸ್ಟಿಕರಿನಲ್ಲಿದೆ. ಸಣ್ಣ ಕಾರುಗಳಲ್ಲಿ ಒಟ್ಟು ಪ್ರಮಾಣವೇ ಅರ್ಧ ಕಿಲೋ ಆಸುಪಾಸು ಇರುವುದರಿಂದ 100 ಗ್ರಾಂ ವ್ಯತ್ಯಾಸವೂ ತಂಪಿನಲ್ಲಿ ಗೊತ್ತಾಗುತ್ತದೆ. ಆರ್134ಎ ಇರುವಲ್ಲಿ ಇನ್ನೊಂದು ಬಗೆಯ ಏಸಿ ಗ್ಯಾಸ್ ಆದ ಆರ್1234ವೈಎಫ್ ಬೆರೆಸಬಾರದು. ಅಡುಗೆ ಗ್ಯಾಸ್ ತುಂಬಿಸುವವರಿದ್ದರೆ ಅವರ ಕೈಗೆ ಕಾರು ಕೊಡಬೇಡಿ.

ಕೊನೆಗೆ ಪೋರ್ಟುಗಳ ಮುಚ್ಚಳವನ್ನು ಮರೆಯದೆ ಬಿಗಿಯಿರಿ. ಒಳಗಿನ ವಾಲ್ವ್ ತುಸು ಜಿನುಗಿದರೂ ತಡೆಯುವುದು ಆ ಮುಚ್ಚಳದೊಳಗಿನ ರಬ್ಬರ್ ಸೀಲೇ.