ಇಳಕಲ್ ಸೀರೆ ಆನ್‌ಲೈನ್ ಮಾರುವವರಿಗೆ: ಮಂದ ಪೇಟೆಯಲ್ಲಿ ಸಿಕ್ಕಿಬಿದ್ದ ರೊಕ್ಕ ಬಿಡಿಸುವ ಬಗೆ

ಪೇಟೆ ಮಂದ ಆದಾಗ ನೇಕಾರನ ಕೈ ಕಟ್ಟಿಹಾಕುವುದು ಕಡಿಮೆಯಾದ ಲಾಭಕ್ಕಿಂತ ಹೆಚ್ಚಾಗಿ ಎಲ್ಲೋ ಸಿಕ್ಕಿಬಿದ್ದ ರೊಕ್ಕ. ಶ್ರಾವಣಕ್ಕೆಂದು ನೇಯ್ದ ಮಾಲು ದೀಪಾವಳಿವರೆಗೂ ಕಪಾಟಿನಲ್ಲೇ ಕೂತರೆ ಮುಂದಿನ ನೂಲಿಗೆ ಬಂಡವಾಳ ಇರುವುದಿಲ್ಲ. ದೊಡ್ಡ ಆನ್‌ಲೈನ್ ಕಂಪನಿಗಳಿಗೆ ಸರ್ಕಾರ ಹಾಕಿದ ನಿಯಮಗಳು ಇಳಕಲ್, ಗುಳೇದಗುಡ್ಡದ ಮಗ್ಗವನ್ನು ಮುಟ್ಟುವುದೂ ಇಲ್ಲೇ. ನಿಮ್ಮ ದುಡ್ಡಿನಲ್ಲಿ ಎಷ್ಟನ್ನು ಕಂಪನಿ ಹಿಡಿದುಕೊಳ್ಳಬೇಕು, ಯಾವ ಊರಿನ ಗಿರಾಕಿಗೆ ನೀವು ಮಾರಬಹುದು ಎಂಬುದನ್ನು ಆ ನಿಯಮಗಳೇ ತೀರ್ಮಾನಿಸುತ್ತವೆ.

ಮೊದಲು ನೋಂದಣಿ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆನ್‌ಲೈನ್ ಮಾರುವವರಿಗೆ ಈ ವಿನಾಯಿತಿ ಇರಲಿಲ್ಲ. ಒಂದೇ ಸೀರೆ ಮಾರಿದರೂ ನೋಂದಣಿ ಆಗಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲಾಗಿದೆ. ಮಿತಿಯೊಳಗಿನವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ಷರತ್ತು ಏನೆಂದರೆ, ಮಾರಾಟ ರಾಜ್ಯದ ಒಳಗೇ ಆಗಬೇಕು. ಬೆಂಗಳೂರಿನವರಿಗೆ ಇದು ದೊಡ್ಡ ತೊಡಕಲ್ಲ. ಬಾಗಲಕೋಟೆ ಜಿಲ್ಲೆಯವರಿಗೆ ದೊಡ್ಡದೇ: ಇಳಕಲ್ ಸೀರೆ ಉಡುವ ಸೊಲ್ಲಾಪುರ, ಕೊಲ್ಹಾಪುರ, ಪುಣೆಯ ಗಿರಾಕಿ ಗಡಿಯ ಆಚೆ ಇದ್ದಾರೆ. ಅವರನ್ನು ಬಿಟ್ಟು ವ್ಯಾಪಾರ ನಡೆಯುವುದಿಲ್ಲ ಅನ್ನಿಸಿದರೆ ಪೂರ್ಣ ನೋಂದಣಿಯನ್ನೇ ಮಾಡಿಸಿ. ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮಿನವರಿಗೂ ರಾಜ್ಯದ ಗಡಿಯೇ ಮಿತಿ.

ಇನ್ನೊಂದು ಲೆಕ್ಕವೂ ಇದೆ. ಒಂದು ಸೀರೆಗೆ ಕಮಿಷನ್, ಸಾಗಾಟ ಸೇರಿ ಕಂಪನಿ 500 ರೂಪಾಯಿ ಹಿಡಿದರೆ ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 90 ರೂಪಾಯಿ ಬೀಳುತ್ತದೆ. ಪೂರ್ಣ ನೋಂದಣಿ ಇದ್ದವರು ಆ 90ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುತ್ತಾರೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ. ಬರೀ ಎನ್‌ರೋಲ್‌ಮೆಂಟ್ ನಂಬರ್ ಇದ್ದವರಿಗೆ ಅದು ಕೈಬಿಟ್ಟು ಹೋದ ದುಡ್ಡು. ಸೀರೆಯ ಬೆಲೆಯಲ್ಲೇ ಸೇರಿಸಬೇಕು.

ಈಗ ಕಂಪನಿ ಹಿಡಿದುಕೊಳ್ಳುವ ದುಡ್ಡಿನ ವಿಷಯ. ನೋಂದಾಯಿತರ ಮಾರಾಟದಲ್ಲಿ ಕಂಪನಿ ಎರಡು ಕಡಿತ ಮಾಡಿ ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುತ್ತದೆ: ಜಿಎಸ್‌ಟಿಯ ಟಿಸಿಎಸ್ ಮತ್ತು ಆದಾಯ ತೆರಿಗೆಯ ಟಿಡಿಎಸ್. ಟಿಸಿಎಸ್ 2024ರ ಜುಲೈ 10ರಂದು ಶೇ 1ರಿಂದ ಶೇ 0.5ಕ್ಕೆ ಇಳಿಯಿತು. ಟಿಡಿಎಸ್ ಅದೇ ವರ್ಷದ ಅಕ್ಟೋಬರ್ 1ರಂದು ಶೇ 1ರಿಂದ ಶೇ 0.1ಕ್ಕೆ ಇಳಿಯಿತು. ತೆರಿಗೆ ಬಿಟ್ಟು 3,000 ರೂಪಾಯಿಯ ಸೀರೆಗೆ ಮೊದಲು 60 ರೂಪಾಯಿ ಹಿಡಿಯುತ್ತಿದ್ದರು, ಈಗ 18. ವರ್ಷಕ್ಕೆ 10 ಲಕ್ಷ ಮಾರುವವರಿಗೆ 20,000 ಇದ್ದದ್ದು 6,000 ಆಯಿತು. 2024ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ದೇಶದ ಬೆಳವಣಿಗೆ, ಮೊದಲ ಅಂದಾಜಿನ ಪ್ರಕಾರ, ಶೇ 5.4ಕ್ಕೆ ಕುಸಿದಿತ್ತು. ಅಂಥ ಹೊತ್ತಿನಲ್ಲಿ ದೊಡ್ಡ ಭಾಷಣಗಳಿಗಿಂತ ಇಂಥ ಸಣ್ಣ ಇಳಿಕೆಯೇ ಸಣ್ಣವರಿಗೆ ಕೆಲಸಕ್ಕೆ ಬರುತ್ತದೆ.

ವರ್ಷಕ್ಕೆ ಒಂದು ಕಂಪನಿಯ ಮೂಲಕ 5 ಲಕ್ಷದೊಳಗೆ ಮಾರುವ ವ್ಯಕ್ತಿಗೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ, ಟಿಡಿಎಸ್ ಇಲ್ಲವೇ ಇಲ್ಲ. ಕೊಡದಿದ್ದರೆ ಶೇ 5 ಕಡಿತ. ಪ್ಯಾನ್‌ನಲ್ಲಿರುವ ಹೆಸರಿನ ಸ್ಪೆಲಿಂಗ್ ಒಂದು, ಬ್ಯಾಂಕ್ ಖಾತೆಯದ್ದು ಇನ್ನೊಂದು ಇದ್ದರೆ ಖಾತೆ ತೆರೆಯುವ ಮುಂಚೆಯೇ ಸರಿಪಡಿಸಿಕೊಳ್ಳಿ.

ಟಿಸಿಎಸ್ ತಾನಾಗಿಯೇ ಕೈಗೆ ಬರುತ್ತದೆ ಎಂದು ಕೂರುವುದು ಸಾಮಾನ್ಯ ತಪ್ಪು. ಕಂಪನಿ ಮರುತಿಂಗಳ 10ರೊಳಗೆ ಟಿಸಿಎಸ್ ಲೆಕ್ಕದ ನಮೂನೆ ಜಿಎಸ್‌ಟಿಆರ್-8 ಸಲ್ಲಿಸಬೇಕು. ಆಮೇಲೆ ನೀವು ಪೋರ್ಟಲ್‌ಗೆ ಲಾಗಿನ್ ಆಗಿ, ಸರ್ವಿಸಸ್, ಅದರಲ್ಲಿ ರಿಟರ್ನ್ಸ್, ಅದರಲ್ಲಿ 'ಟಿಡಿಎಸ್ ಆ್ಯಂಡ್ ಟಿಸಿಎಸ್ ಕ್ರೆಡಿಟ್ ರಿಸೀವ್ಡ್' ತೆರೆಯಿರಿ. ತಿಂಗಳು ಆರಿಸಿ, ಮೊತ್ತವನ್ನು ಕಂಪನಿಯ ಪೇಮೆಂಟ್ ಶೀಟಿನ ಜೊತೆ ತಾಳೆ ನೋಡಿ, ಆ್ಯಕ್ಸೆಪ್ಟ್ ಒತ್ತಿ ಫೈಲ್ ಮಾಡಿ. ಆಗಲೇ ಅದು ಪೋರ್ಟಲ್‌ನಲ್ಲಿರುವ ನಿಮ್ಮ ನಗದು ಖಾತೆಗೆ, ಅಂದರೆ ಕ್ಯಾಶ್ ಲೆಡ್ಜರ್‌ಗೆ ಜಮಾ ಆಗಿ ತೆರಿಗೆ ಕಟ್ಟಲು ಒದಗುತ್ತದೆ. ಲೆಡ್ಜರ್‌ನಲ್ಲಿ ಹೆಚ್ಚುವರಿ ಉಳಿದರೆ ಆರ್‌ಎಫ್‌ಡಿ-01 ಅರ್ಜಿಯಲ್ಲಿ ಮರುಪಾವತಿ ಕೇಳಬಹುದು. ಮೊತ್ತ ತಾಳೆಯಾಗದಿರಲು ಬಹುಪಾಲು ಕಾರಣ ವಾಪಸ್ ಬಂದ ಸೀರೆ: ಟಿಸಿಎಸ್ ಲೆಕ್ಕ ವಾಪಸ್ ಬಂದ ಮಾಲು ಕಳೆದ ನಿವ್ವಳ ಮಾರಾಟದ ಮೇಲೆ ಇರುತ್ತದೆ. ಮಾರ್ಚ್‌ನಲ್ಲಿ ಮಾರಿದ್ದು ಏಪ್ರಿಲ್‌ನಲ್ಲಿ ವಾಪಸ್ ಬಂದರೆ ಏಪ್ರಿಲ್ ಲೆಕ್ಕ ತಗ್ಗುತ್ತದೆ. ನಿಮ್ಮ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1ರ 14ನೇ ಕೋಷ್ಟಕದಲ್ಲೂ ಅದೇ ನಿವ್ವಳ ಅಂಕಿ ಹಾಕಿ.

ವಾಪಸ್ ಬರುವ ಮಾಲು ಕಡಿಮೆಯಾಗಬೇಕಾದರೆ ವಿವರಣೆ ನೇರ ಇರಬೇಕು. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ, ಜಾಹೀರಾತಿನಂತೆ ಇಲ್ಲದ ಮಾಲನ್ನು ಮಾರಾಟಗಾರ ವಾಪಸ್ ತಗೊಳ್ಳಲೇಬೇಕು. ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ಬರೀ 'ಸಿಲ್ಕ್' ಎಂದು ಬರೆಯಬೇಡಿ. ಒಡಲು ಹತ್ತಿಯೋ, ಸೆರಗು ಯಾವುದು, ಧಡಿ ಯಾವುದು, ಉದ್ದ ಎಷ್ಟು ಮೀಟರ್, ರವಿಕೆ ಕಣ ಇದೆಯೋ ಇಲ್ಲವೋ ಎಲ್ಲ ಹಾಕಿ. ಒಡಲಿನ ಹಾಸೆಳೆ (ಉದ್ದಕ್ಕೆ ಹಾಸುವ ಎಳೆ) ಸೆರಗಿನ ಹಾಸೆಳೆಗೆ ಕೂಡುವ ಕೊಂಡಿಯ ಹತ್ತಿರದ ಫೋಟೊ ಒಂದಿರಲಿ. ಗೊತ್ತಿಲ್ಲದ ಗಿರಾಕಿ ಆ ಕೂಡುಗೆರೆಯನ್ನೇ ದೋಷ ಎಂದುಕೊಳ್ಳಬಹುದು.

ಕಂಪನಿಯ ಕರಾರು ಓದುವಾಗ ಎರಡು ಸಾಲು ಹುಡುಕಿ. ಹುಡುಕಾಟದಲ್ಲಿ ಯಾರ ಮಾಲು ಮೇಲೆ ಬರುತ್ತದೆ, ಮಾರಾಟಗಾರರ ನಡುವೆ ಭೇದ ಮಾಡುವುದಾದರೆ ಹೇಗೆ ಎಂಬುದನ್ನು ಕಂಪನಿ ತಿಳಿಸಬೇಕು ಎನ್ನುತ್ತದೆ ಅದೇ 2020ರ ನಿಯಮ. ಇನ್ನೊಂದು, 'ನಮ್ಮಲ್ಲಿ ಮಾತ್ರ ಮಾರಿ' ಎಂಬ ಒತ್ತಾಯ. ವಿದೇಶಿ ಬಂಡವಾಳ ಇರುವ ಮಾರುಕಟ್ಟೆ ಕಂಪನಿಗಳಿಗೆ 2019ರ ಫೆಬ್ರವರಿ 1ರಿಂದ ಅದು ನಿಷಿದ್ಧ. ಮಾರಾಟಗಾರರ ಮೇಲೆ ಇಂಥದ್ದೇ ಒತ್ತಾಯ ಹೇರಿದ್ದಕ್ಕೆ ಚೀನಾ 2021ರ ಏಪ್ರಿಲ್‌ನಲ್ಲಿ ತನ್ನ ದೊಡ್ಡ ಆನ್‌ಲೈನ್ ಕಂಪನಿ ಅಲಿಬಾಬಾಗೆ ಸುಮಾರು 1,823 ಕೋಟಿ ಯುವಾನ್ ದಂಡ ಹಾಕಿತು. ಸಣ್ಣ ಮಾರಾಟಗಾರರಿಗೆ ಆ ಕ್ರಮ ಒಳ್ಳೆಯದೇ. ಆದರೆ ಅದೇ ವರ್ಷ ಗೇಮಿಂಗ್, ಟ್ಯೂಷನ್ ಕಂಪನಿಗಳ ಮೇಲೂ ಒಟ್ಟೊಟ್ಟಿಗೆ ನಿರ್ಬಂಧ ಬಿದ್ದು ಹೂಡಿಕೆದಾರರು ಹಿಂಜರಿದರು. 2022ರಲ್ಲಿ ಅಲ್ಲಿನ ಬೆಳವಣಿಗೆ ಶೇ 3ಕ್ಕೆ ಇಳಿದದ್ದಕ್ಕೆ ಕೋವಿಡ್ ಲಾಕ್‌ಡೌನ್, ಕಟ್ಟಡ ಉದ್ಯಮದ ಕುಸಿತ ಮುಖ್ಯ ಕಾರಣ. ಈ ದಿಢೀರ್ ಕ್ರಮಗಳೂ ತಮ್ಮ ಪಾಲು ಕೊಟ್ಟವು.

ನಮ್ಮಲ್ಲಿ ಕಷ್ಟ ಬೇರೆ, ತಡ. ವ್ಯಾಪಾರದಲ್ಲಿ ನ್ಯಾಯದ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟಿನ ತಡೆ ಬಿತ್ತು. ತೆರವಾದದ್ದು 2021ರ ಜೂನ್‌ನಲ್ಲಿ. ಆಯೋಗ ನೋಡುವುದು ಇಡೀ ಮಾರುಕಟ್ಟೆಯನ್ನು, ನಿಮ್ಮ ನಿಂತುಹೋದ 12,000 ರೂಪಾಯಿಯನ್ನಲ್ಲ. ಅದಕ್ಕೆ ಕಂಪನಿಯ ಮಾರಾಟಗಾರರ ವಿಭಾಗಕ್ಕೆ ಆರ್ಡರ್ ನಂಬರ್, ದಿನಾಂಕ ಹಾಕಿ ಲಿಖಿತ ದೂರು ಕೊಡಿ, ಟಿಕೆಟ್ ನಂಬರ್ ಜೋಪಾನ ಮಾಡಿ.

ಸೀರೆಯನ್ನು ಸಗಟಾಗಿ ಖರೀದಿಸಿ ಆನ್‌ಲೈನ್ ಮಾರುವ ವ್ಯಾಪಾರಿ ಬಾಕಿ ಇಟ್ಟಿದ್ದರೆ ದಾರಿ ಬೇರೆ. ನೇಯುವವರು ಸಣ್ಣ ಉದ್ಯಮಗಳಿಗೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ, ಮಾಲು ಮುಟ್ಟಿದ ದಿನದ ಸಹಿ ಪಡೆಯಿರಿ. ಲಿಖಿತ ಕರಾರು ಇದ್ದರೂ ದುಡ್ಡು ಕೊಡುವ ಗಡುವು 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ಯಮಗಳ ಬಾಕಿ ದೂರಿಗೆಂದು ಇರುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಗಡುವು ಮೀರಿದ ಬಾಕಿಯನ್ನು ವರ್ಷದೊಳಗೆ ತೀರಿಸದಿದ್ದರೆ ಆ ವ್ಯಾಪಾರಿ ಅದನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಈ ಮಾತನ್ನು ಅವರ ಲೆಕ್ಕಪತ್ರ ನೋಡುವವರ ಕಿವಿಗೆ ಹಾಕಿ.